ಬಾಗಿದ ಗೆರೆಗೆ ಎರಡನೆಯ ರುಜು

ಆ ಟಿವಿಯಲ್ಲಿ ದೋಷವಿರಲಿಲ್ಲ. ಇಷ್ಟನ್ನು ತಿಳಿಯಲು ನಮಗೆ ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ವಾರಗಳಲ್ಲಿ ಅಣ್ಣನ ಬಲಗಣ್ಣು ಹೋಯಿತು. ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಹಾಗಾಗಿ ಬಲಗಣ್ಣು ಹೋಯಿತೆಂದರೆ ಅವರ ಮಟ್ಟಿಗೆ ಓದು, ಬರಹ, ಎದುರಿಗಿರುವವರ ಮುಖ ಎಲ್ಲವೂ ಹೋದಂತೆ.

ಒಂಬತ್ತು ವಾರ ಎಂದು ಬರೆದೆನಲ್ಲ, ಅದೂ ಖಚಿತವಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಎಂಟು ಎನ್ನುತ್ತಾರೆ. ಅವರ ಮಗಳು ಫೋನಿನ ಹಳೆಯ ಸಂದೇಶಗಳನ್ನು ತಿರುವಿ ಹತ್ತು ಎಂದಳು. ನಾನು ಸಂಭಾಜಿನಗರದಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮೂರು ಸಲ ಅಳೆದು ಮೂರು ಉತ್ತರ ಬಂದರೆ ಸರಾಸರಿ ತೆಗೆಯುವುದು ಕೈಗೆ ಅಂಟಿದ ಚಾಳಿ. ಹಾಗಾಗಿ ಒಂಬತ್ತು.

ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವರು. ಬೀದರ್ ಜಿಲ್ಲೆಯ ನಮ್ಮೂರಿನಿಂದ ಐಟಿಐ ಮುಗಿಸಿಕೊಂಡು ನಾಶಿಕ್ ಬಳಿಯ ಓಝರಿನ ವಿಮಾನ ಕಾರ್ಖಾನೆಗೆ ಬಂದರು, ಅಲ್ಲಿ ತಪಾಸಣೆಯ ವಿಭಾಗ ಸೇರಿದರು, ಅಲ್ಲಿಂದಲೇ ನಿವೃತ್ತರಾದರು. ನನ್ನನ್ನು ಹತ್ತನೆಯ ವಯಸ್ಸಿಗೆ ನಾಶಿಕ್‌ಗೆ ಕರೆತಂದು ಶಾಲೆಗೆ ಹಾಕಿದವರು ಅವರೇ. ಮುಂದೆ ಸಂಭಾಜಿನಗರದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದಿಸಿದವರೂ ಅವರೇ. ನಾನು ಅಲ್ಲಿ ಪಿಎಚ್.ಡಿ. ಶುರು ಮಾಡಿ ಬಿಟ್ಟೆ, ಎರಡು ಕಾಲೇಜುಗಳಲ್ಲಿ ಪಾಠ ಹೇಳಿ ಬಿಟ್ಟೆ, ಒಂದು ಕಂಪನಿಗೆ ಸೇರಿ ಅದನ್ನೂ ಬಿಟ್ಟೆ. ಅಷ್ಟೂ ಕಾಲ ಅಣ್ಣ ಒಂದೇ ಶೆಡ್ಡಿನಲ್ಲಿ, ಒಂದೇ ಬಗೆಯ ಬೆಳಕಿನ ಕೆಳಗೆ, ರಿವೆಟ್ಟುಗಳ ಸಾಲು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ತಪಾಸಣೆಯವರ ಕಣ್ಣುಗಳನ್ನು ಪ್ರತಿ ವರ್ಷ ವೈದ್ಯರು ಪರೀಕ್ಷಿಸುತ್ತಿದ್ದರು. ಅಣ್ಣ ಒಂದೇ ಕಣ್ಣಿನ ಬಲದ ಮೇಲೆ ಪ್ರತಿ ವರ್ಷ ಪಾಸಾಗುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಪರೀಕ್ಷೆ ನಿಂತಿತು. ಅದು ನಿಂತದ್ದು ನಮ್ಮಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ನಿವೃತ್ತಿಯ ನಂತರದ ಎರಡನೆಯ ದೀಪಾವಳಿಗೆ ಅವರ ಮನೆಗೆ ಐವತ್ತೈದು ಇಂಚಿನ ಸ್ಮಾರ್ಟ್ ಟಿವಿ ಬಂತು. ತೀರ ದುಬಾರಿಯದಲ್ಲ, ತೀರ ಅಗ್ಗದ್ದೂ ಅಲ್ಲ. ಆರಿಸಿದವನು ನಾನು. ಗೆಳೆಯರು ಟಿವಿ ಕೊಳ್ಳುವ ಮುಂಚೆ ನನ್ನನ್ನು ಕೇಳುವುದುಂಟು, ಏಕೆಂದರೆ ನಾನು ಅಂಗಡಿಯವರ ಮಾತನ್ನೂ ನಂಬುವುದಿಲ್ಲ, ಡಬ್ಬಿಯ ಮೇಲಿನ ಅಂಕಿಗಳನ್ನೂ ನಂಬುವುದಿಲ್ಲ. ನನ್ನ ಬಳಿ ಒಂದು ಪೆನ್ ಡ್ರೈವ್ ಇದೆ. ಅದರಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬೂದು ಬಣ್ಣಗಳು, ಕತ್ತಲಲ್ಲಿ ಉರಿಯುವ ಒಂದು ಮೇಣದಬತ್ತಿ, ಎಡದಿಂದ ಬಲಕ್ಕೆ ಓಡುವ ಚೆಂಡು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳ ಚೌಕಳಿ, ಒಬ್ಬ ಹೆಂಗಸು ಏರಿಳಿತವಿಲ್ಲದ ಒಂದೇ ದನಿಯಲ್ಲಿ ಓದುವ ಎರಡು ನಿಮಿಷದ ಪಾಠ ಇವೆಲ್ಲ ಇವೆ. ಇವುಗಳಿಂದ ಒಂದು ಟಿವಿಯ ಯೋಗ್ಯತೆಯನ್ನು ಅರ್ಧ ಗಂಟೆಯಲ್ಲಿ ಹೇಳಬಲ್ಲೆ ಎಂದು ನಂಬಿದ್ದೆ.

ಟಿವಿ ಬಂದ ವಾರದೊಳಗೆ ಅಣ್ಣನ ಫೋನು ಬಂತು.

"ತಮ್ಮಾ, ಈ ಟಿವಿದಾಗ ಮಂದಿ ಬಾಯಾಗ ಅನ್ನ ಇಟ್ಕೊಂಡು ಮಾತಾಡ್ದಂಗ ಕೇಳ್ತದ."

"ಸೆಟ್ಟಿಂಗ್ ಇರಬೇಕ್ರಿ. ಬಂದು ನೋಡ್ತೀನಿ."

"ಇನ್ನೊಂದು ಅದ. ಗೆರಿ ಬಾಗ್ಯಾವ. ನ್ಯೂಸ್‌ದಾಗ ಕೆಳಗ ಅಕ್ಷರದ ಪಟ್ಟಿ ಓಡ್ತದಲ್ಲ, ಅದು ಹಾವಿನಂಗ ಹೊಳ್ಳತದ. ಕ್ರಿಕೆಟ್ ಹಚ್ಚಿದ್ರ ನಡುವಿನ ಸ್ಟಂಪೇ ಸೊಟ್ಟ."

ಕಾರ್ಖಾನೆಯ ಒಂದು ಕ್ರಮವನ್ನು ಅಣ್ಣನೇ ನನಗೆ ಎಷ್ಟೋ ಸಲ ವಿವರಿಸಿದ್ದರು. ಮುಖ್ಯವಾದ ಭಾಗಗಳನ್ನು ಇಬ್ಬರು ತಪಾಸಣೆ ಮಾಡಬೇಕು. ಮೊದಲನೆಯವನು ತಾನು ಕಂಡದ್ದನ್ನು ಎರಡನೆಯವನಿಗೆ ಹೇಳಕೂಡದು. ಹೇಳಿದರೆ ಎರಡನೆಯವನು ಭಾಗವನ್ನು ನೋಡುವುದಿಲ್ಲ, ಮೊದಲನೆಯವನ ಮಾತನ್ನು ನೋಡುತ್ತಾನೆ. ಇಬ್ಬರೂ ಬೇರೆ ಬೇರೆಯಾಗಿ ನೋಡಿ, ಬೇರೆ ಬೇರೆಯಾಗಿ ರುಜು ಹಾಕಬೇಕು. ಮನೆಯ ಟಿವಿಗೆ ಈ ಕ್ರಮ ಯಾಕೆ ಬೇಕು? ಅಣ್ಣ ಫೋನಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟರು. ನಾನು ಎಲ್ಲವನ್ನೂ ಕೇಳಿಸಿಕೊಂಡು ಬಸ್ಸು ಹತ್ತಿದೆ.

ಅದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಬಾಗಿಲು ತೆರೆದ ವೈನಿ ಎಂದರು: "ಬರ್ರಿ ಭಾವೂಜಿ. ನಿಮ್ಮ ಅಣ್ಣಾರು ಮುಂಜಾನಿಂದ ಟಿವಿಗಿ ಖೈದಿ ಹಾಂಗ ನಿಂದ್ರಿಸ್ಯಾರ. ನೀವರೆ ಜಾಮೀನು ಕೊಡಸ್ರಿ."

ಮೊದಲು ಧ್ವನಿ ನೋಡಿದೆವು. ಅಣ್ಣನ ದೂರು ನೂರಕ್ಕೆ ನೂರು ಸರಿಯಾಗಿತ್ತು. ಈಗಿನ ತೆಳು ಟಿವಿಗಳಲ್ಲಿ ಸ್ಪೀಕರುಗಳನ್ನು ತಳಕ್ಕೆ, ನೆಲದ ಕಡೆ ಮುಖ ಮಾಡಿ ಕೂರಿಸಿರುತ್ತಾರೆ. ಅಣ್ಣನ ಮನೆಯಲ್ಲಿ ಟಿವಿಯನ್ನು ಶೋಕೇಸಿನ ಒಳಗೆ ಗೋಡೆಗೆ ಒತ್ತಿ ಇಟ್ಟಿದ್ದರು. ಸ್ವರವೆಲ್ಲ ಹಲಗೆಗೆ ಬಡಿದು ಅಲ್ಲೇ ಗುಂಯ್‌ಗುಟ್ಟುತ್ತಿತ್ತು.

"ಬಾಯಿ ನೆಲಕ್ಕ ಮಾಡಿ ಮಾತಾಡಿದ್ರ ಯಾರಿಗಿ ಕೇಳ್ತದ? ಇದರ ಡಿಸೈನ್ ಮಾಡಿದವಗ ನಮ್ಮ ಕಾರ್ಖಾನ್ಯಾಗ ಆಗಿದ್ರ ಕೆಂಪು ಚೀಟಿ ಹಚ್ಚಿ ಹೊರಗ ಹಾಕ್ತಿದ್ವಿ," ಎಂದರು ಅಣ್ಣ.

ಇಬ್ಬರೂ ಸೇರಿ ಟಿವಿಯನ್ನು ಹಲಗೆಯ ಅಂಚಿಗೆ ಎಳೆದೆವು. ಮಾತು ಸ್ಪಷ್ಟವಾಗುವ ಆಯ್ಕೆಯನ್ನು ಹುಡುಕಿ ಹಾಕಿದೆ. ಪೆನ್ ಡ್ರೈವಿನ ಹೆಂಗಸು ಓದತೊಡಗಿದಳು. ಅಣ್ಣ ತಲೆ ತಗ್ಗಿಸಿ ಪೂರ್ತಿ ಕೇಳಿ, "ಹಾಂ, ಈಗ ಅನ್ನ ನುಂಗಿದಳು ನೋಡು," ಎಂದರು.

ಧ್ವನಿಯ ವಿಷಯದಲ್ಲಿ ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಚಿತ್ರದ ವಿಷಯದಲ್ಲೂ ನಿಜವಿರಬೇಕೆಂದು ನನ್ನ ಮನಸ್ಸು ಆಗಲೇ ಒಪ್ಪಿತ್ತು. ಇದು ತರ್ಕವಲ್ಲ ಎಂದು ನನಗೆ ಗೊತ್ತು. ನಾನು ಇದನ್ನೇ ಎರಡು ಕಾಲೇಜುಗಳಲ್ಲಿ ಹುಡುಗರಿಗೆ ಪಾಠ ಮಾಡಿದ್ದೇನೆ.

ಬಣ್ಣ ಅಂಗಡಿಯ ಸೆಟ್ಟಿಂಗಿನಲ್ಲೇ ಇತ್ತು. "ಎಲ್ಲಾರಿಗೂ ಅರಿಶಿಣ ಹಚ್ಚಿ ಕುಂದ್ರಿಸ್ದಂಗ ಅದ, ಮದಿವಿ ಮನಿ ಆಗ್ಯದ," ಎಂದು ವೈನಿ ಅಡುಗೆಮನೆಯಿಂದಲೇ ನಕ್ಕರು. ಅದನ್ನು ಸರಿಪಡಿಸಿದೆ, ಮುಖಗಳು ಮುಖಗಳಂತೆ ಕಂಡವು. ಮೇಣದಬತ್ತಿಯ ಸುತ್ತಲಿನ ಕಪ್ಪು ನಿಜವಾದ ಕಪ್ಪಲ್ಲ, ಒದ್ದೆಯಾದ ಬೂದಿಯ ಬಣ್ಣ. ಚೆಂಡಿನ ಹಿಂದೆ ಸಣ್ಣ ಬಾಲ. ಪಕ್ಕದ ಕುರ್ಚಿಯಿಂದ ನೋಡಿದರೆ ಬಣ್ಣ ತೆಳುವಾಗುತ್ತಿತ್ತು. ಈ ದರದ ಟಿವಿಗೆ ಇವೆಲ್ಲ ಸಹಜ. ಕೊನೆಗೆ ಚೌಕಳಿ ಹಾಕಿದೆ. ಕಪ್ಪು ಪರದೆ, ಬಿಳಿ ಗೆರೆಗಳು, ನಟ್ಟನಡುವೆ ಒಂದು ಚುಕ್ಕೆ.

ಅಣ್ಣ ಚುಕ್ಕೆಯನ್ನೇ ನೋಡಿದರು. "ನೋಡು, ನಡುವ ಗೆರಿ ಒಳಗ ಬಾಗ್ಯಾವ. ಚುಕ್ಕಿ ಹತ್ರ ಚೌಕಳಿದ ಒಂದು ಮನಿ ಕಾಣವಲ್ದು, ಹೊಗಿ ಹಿಡ್ದಂಗ ಅದ. ಹೌದಿಲ್ಲೊ?"

ಇಲ್ಲಿಂದ ಮುಂದಿನದನ್ನು ನಾನು ಮೂರು ಬಗೆಯಲ್ಲಿ ನೆನಪಿಟ್ಟಿದ್ದೇನೆ. ಒಂದರಲ್ಲಿ ನಾನು ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡುತ್ತೇನೆ, ನಡುವೆ ಗೆರೆಗಳು ಕೂದಲೆಳೆಯಷ್ಟು ಬಾಗಿರುವುದು ನನಗೂ ಕಾಣುತ್ತದೆ. ಇನ್ನೊಂದರಲ್ಲಿ ಗೆರೆಗಳೆಲ್ಲ ನೆಟ್ಟಗಿವೆ, ಆದರೂ ಮೂವತ್ತೈದು ವರ್ಷ ಗೆರೆಗಳನ್ನೇ ನೋಡಿದ ಕಣ್ಣಿಗಿಂತ ನನ್ನ ಕಣ್ಣು ದೊಡ್ಡದೇನು ಎಂದುಕೊಂಡು 'ಹೌದ್ರಿ' ಎನ್ನುತ್ತೇನೆ. ಮೂರನೆಯದರಲ್ಲಿ ನಾನು ಟಿವಿ ನೋಡುವುದೇ ಇಲ್ಲ. ಅಣ್ಣನ ಮುಖ ನೋಡಿ 'ಹೌದ್ರಿ' ಎನ್ನುತ್ತೇನೆ. ಮೂರರಲ್ಲೂ ಆ ಒಂದು ಮಾತು ಮಾತ್ರ ಇದೆ. ಸರಾಸರಿ ತೆಗೆದರೆ ಉಳಿಯುವುದು ಅದೊಂದೇ.

ಅಣ್ಣನ ಮಗಳು ಆಗ ಅಲ್ಲೇ ಸೋಫಾದ ಮೇಲಿದ್ದಳು. ಅವಳು ಒಬ್ಬ ಆರ್ಕಿಟೆಕ್ಟರ ಕಚೇರಿಯಲ್ಲಿ ಮನೆಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದಾಳೆ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. "ಕಾಕಾ, ಮಲಾ ತರ ಸರಳಚ್ ದಿಸ್ತಾಯತ," ಎಂದಳು. ಅವಳಿಗೆ ಗೆರೆಗಳು ನೆಟ್ಟಗೇ ಕಾಣುತ್ತಿದ್ದವು.

"ನಿನಗೇನು ಗೊತ್ತಾಗ್ತದ, ಅಂಗೈಯಷ್ಟು ಫೋನ್ ನೋಡಾಕಿ," ಎಂದರು ಅಣ್ಣ.

"ಬಾಬಾ, ದಿವಸಭರ ರೇಷಾಚ ಕಾಢತೆ ಮೀ!" ದಿನವಿಡೀ ತಾನು ಎಳೆಯುವುದು ಗೆರೆಗಳನ್ನೇ ಎಂದು ರೇಗಿದಳು. ನಾವಿಬ್ಬರೂ ನಕ್ಕೆವು.

ಅವಳಿಗೆ ಇನ್ನೊಂದು ಸಂಗತಿ ನೆನಪಿದೆ, ನನಗಿಲ್ಲ. ನಾನು ಅಣ್ಣನನ್ನು, "ಫೋನ್‌ದಾಗ ಕೆಳಗ ಬಾಗ್ಯಾವ ಅಂದಿದ್ರಿ, ಈಗ ನಡುವ ಅಂತೀರಿ?" ಎಂದು ಕೇಳಿದೆನಂತೆ. ಅಣ್ಣ, "ಕೆಳಗ ನೋಡಿದ್ರ ಕೆಳಗ ಬಾಗ್ತದ, ನಡುವ ನೋಡಿದ್ರ ನಡುವ," ಎಂದರಂತೆ. ಪರದೆಯ ದೋಷ ಪರದೆಯ ಮೇಲೆ ಒಂದೇ ಕಡೆ ಇರುತ್ತದೆ. ನೋಟದ ಜೊತೆ ಜಾಗ ಬದಲಿಸುವ ದೋಷ ಎಲ್ಲಿರುತ್ತದೆ ಎಂಬುದಕ್ಕೆ ಎಂ.ಎಸ್ಸಿ. ಬೇಕಿಲ್ಲ. ನಾನು ಆ ಮಾತು ಕೇಳಿದ್ದು ನಿಜ. ಆ ದಿನ ಟಿವಿ ಕಂಪನಿಗೆ ಬರೆದ ಪತ್ರ ಇನ್ನೂ ನನ್ನ ಇಮೇಲಿನಲ್ಲಿದೆ, ಅದರಲ್ಲಿ ಹೀಗಿದೆ: "ದೋಷವು ಒಂದೇ ಸ್ಥಳದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಪ್ಯಾನೆಲ್ಲಿನ ಜೊತೆಗೆ ಸಾಫ್ಟ್‌ವೇರನ್ನೂ ಪರಿಶೀಲಿಸಬೇಕು. ಇಬ್ಬರು ಸ್ವತಂತ್ರವಾಗಿ ನೋಡಿ ಖಚಿತಪಡಿಸಿದ್ದೇವೆ." ಕೆಳಗೆ ನನ್ನ ಹೆಸರು, ನನ್ನ ಪದವಿ.

ಪತ್ರ ಚೆನ್ನಾಗಿತ್ತು. ಅದೇ ತೊಂದರೆಯಾಯಿತು. ಸಾಮಾನ್ಯ ಗಿರಾಕಿಯ ದೂರಾಗಿದ್ದರೆ ಯಾರಾದರೂ ಬಂದು ನೋಡಿ, ಏನೂ ಆಗಿಲ್ಲ ಎಂದು ಮೊದಲ ವಾರವೇ ಜಗಳ ಆಡಿ ಹೋಗುತ್ತಿದ್ದರು. ಇಷ್ಟು ವಿವರವಾಗಿ ಬರೆದವರ ಜೊತೆ ವಾದ ಬೇಡವೆಂದು ಅವರು ಒಪ್ಪಿಕೊಂಡುಬಿಟ್ಟರು. ಹೊಸ ಪ್ಯಾನೆಲ್ ಬರುವವರೆಗೆ ಕಾಯಿರಿ ಎಂದರು. ನಾವು ಕಾದೆವು.

ಕಾಯುವಾಗ ಅಣ್ಣ ಉಳಿದ ಲೋಕವನ್ನೂ ತಪಾಸಣೆ ಮಾಡತೊಡಗಿದ್ದರು. ಕಿಟಕಿಯ ಸರಳುಗಳು ಸೊಟ್ಟಗಿವೆ, ಬಿಲ್ಡರ್ ಕಳ್ಳ ಎಂದರು. ಪತ್ರಿಕೆಯಲ್ಲಿ ಅಕ್ಷರ ಬಿಟ್ಟುಹೋಗುತ್ತಿವೆ, ಮುದ್ರಣದವರು ಕೆಟ್ಟರು ಎಂದರು. ವೈನಿ ಬಡಿಸಿದ ಅನ್ನದಲ್ಲಿ ಕಲ್ಲು ಕಾಣಿಸಲಿಲ್ಲವೆಂದು ಟ್ಯೂಬ್‌ಲೈಟ್ ಬದಲಿಸಿದರು. ಅವರ ವೃತ್ತಿಯವರಿಗೆ ಇದು ಸಹಜ. ಪ್ರತಿ ವರ್ಷ ಯಾರೋ ಅವರ ಕಣ್ಣು ಸರಿಯಿದೆಯೆಂದು ಬರೆದುಕೊಡುತ್ತಿದ್ದರು, ಹಾಗಾಗಿ ತಪ್ಪು ಯಾವಾಗಲೂ ಎದುರಿನ ವಸ್ತುವಿನಲ್ಲೇ ಇರುತ್ತಿತ್ತು. ವೈನಿ ಇವನ್ನೆಲ್ಲ ಫೋನಿನಲ್ಲಿ ನನಗೆ ನಗುತ್ತ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ.

ಹೊಸ ಪ್ಯಾನೆಲ್ ಬಂತು. ಗೆರೆಗಳು ಇನ್ನೂ ಹೆಚ್ಚು ಬಾಗಿದ್ದವು. ಅಣ್ಣ ಮತ್ತೆ ದೂರು ಕೊಟ್ಟರು. ಈ ಸಲ ಬಂದ ಮೆಕ್ಯಾನಿಕ್ ನಡುವಯಸ್ಸಿನವನು, ಅವಸರವಿಲ್ಲದವನು. ಟಿವಿಯನ್ನು ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿದನಂತೆ. ಆಮೇಲೆ ಬಾಗಿಲ ಚೌಕಟ್ಟು ತೋರಿಸಿ ಅದು ಹೇಗೆ ಕಾಣುತ್ತದೆ ಎಂದು ಕೇಳಿದ. ಅಣ್ಣ, "ಅದೂ ಸೊಟ್ಟೇ ಅದ, ಬಿಲ್ಡರನ ಕೆಲಸ," ಎಂದರು. ಮೆಕ್ಯಾನಿಕ್ ಆಚೀಚೆ ನೋಡಿದ. ಮೇಜಿನ ಮೇಲೆ ಅಣ್ಣನ ಉಕ್ಕಿನ ಅಳತೆಪಟ್ಟಿ ಇತ್ತು. ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು, ಬೇರೆಯವರಿಗೆ ಮುಟ್ಟಗೊಡದೆ ಎಣ್ಣೆ ಒರೆಸಿ ಇಟ್ಟದ್ದು. ಅದನ್ನು ಅವರು ಒಮ್ಮೆಯೂ ಪರದೆಗೆ ಹಿಡಿದು ನೋಡಿರಲಿಲ್ಲ, ಏಕೆಂದರೆ ಪ್ಯಾನೆಲ್ಲಿಗೆ ಲೋಹ ತಾಗಿಸಬಾರದು, ಗೀರು ಬೀಳುತ್ತದೆ.

ಮೆಕ್ಯಾನಿಕ್ ಅದನ್ನು ಅಣ್ಣನ ಮುಖದ ಮುಂದೆ ಅಡ್ಡ ಹಿಡಿದು, ಪಟ್ಟಿ ನೆಟ್ಟಗಿದೆಯೇ ಎಂದು ಹಿಂದಿಯಲ್ಲಿ ಕೇಳಿದ. "ಅಂಕಲ್, ಏ ಪಟ್ಟೀ ಸೀಧೀ ಹೈ ಕ್ಯಾ?"

ಕಿಟಕಿಯ ಬೆಳಕು ಆ ಉಕ್ಕಿನ ಮೇಲೆ ಬಿದ್ದದ್ದು, ಅಣ್ಣನ ಕೈ ಮೇಲೆದ್ದು ಪಟ್ಟಿಯ ಅಂಚನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸವರಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ದಿನ ನಾನು ಸಂಭಾಜಿನಗರದಲ್ಲಿದ್ದೆ. ಸಂಜೆ ಅವರ ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ನಾನೇ ನೋಡಿದೆನೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಕಾಣದ್ದನ್ನು ಕಂಡೆನೆನ್ನುವ ಶಕ್ತಿ ನನಗಿದೆ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಅಣ್ಣ ಆ ಮೆಕ್ಯಾನಿಕ್‌ಗೆ, "ಚಾ ಕುಡದು ಹೋಗಪಾ," ಎಂದರಂತೆ.

ಮರುದಿನ ನಾಶಿಕ್‌ನ ಕಣ್ಣಿನ ಆಸ್ಪತ್ರೆಯಲ್ಲಿ ನಾನು ನಿಜವಾಗಿಯೂ ಇದ್ದೆ, ಬಸ್ಸಿನ ಟಿಕೆಟ್ ಇದೆ. ವೈದ್ಯೆ ಅಣ್ಣನ ಎಡಗಣ್ಣು ಮುಚ್ಚಿಸಿ, ಅಂಗೈಯಗಲದ ಒಂದು ಕಾಗದ ಕೊಟ್ಟರು. ಅದರ ಮೇಲೆ ಗೆರೆಗಳ ಚೌಕಳಿ, ನಟ್ಟನಡುವೆ ಒಂದು ಚುಕ್ಕೆ.

ನಾನು ಆ ಕಾಗದವನ್ನು ನೋಡಿ ಎದ್ದು ಹೊರಗೆ ಹೋಗಬೇಕೆಂದುಕೊಂಡೆ. ಅದೇ ಪರೀಕ್ಷೆಯನ್ನು ನಾನು ಅವರಿಗೆ ಐವತ್ತೈದು ಇಂಚಿನಲ್ಲಿ ಮಾಡಿದ್ದೆ. ಅವರು ಅದಕ್ಕೆ ಒಬ್ಬ ರೋಗಿ ಹೇಳಬೇಕಾದ ಉತ್ತರವನ್ನು ಒಂದಕ್ಷರ ತಪ್ಪದೆ ಹೇಳಿದ್ದರು.

ಈ ಸಲ ಅಣ್ಣ, "ಚುಕ್ಕಿ ಎಲ್ಲದ?" ಎಂದು ಕೇಳಿದರು.

ಕಣ್ಣಿನ ಹಿಂಪರದೆಯ ಕೆಳಗೆ ರಕ್ತ ಸೋರಿ ಕಲೆ ಕಟ್ಟಿದೆ ಎಂದರು ವೈದ್ಯೆ. ಇಂಜೆಕ್ಷನ್ ಕೊಟ್ಟರೆ ಸುತ್ತಲಿನದು ಉಳಿಯಬಹುದು, ನಡುವಿನದು ತಿರುಗಿ ಬರುವುದಿಲ್ಲ. ಗೆರೆ ಬಾಗಿದ್ದು ಕಂಡ ಮೊದಲ ದಿನಗಳಲ್ಲೇ ಬಂದಿದ್ದರೆ ಮಾತು ಬೇರೆಯಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಅಣ್ಣ ನನ್ನ ಕಡೆ ತಿರುಗಿದರು. ನಾನು ಚೌಕಳಿಯ ಕಾಗದವನ್ನೇ ನೋಡುತ್ತಿದ್ದೆ. ವೈನಿಯೇ ಮರಾಠಿಯಲ್ಲಿ, ದೀಪಾವಳಿಯಿಂದ ಎಂದರು. ಇಷ್ಟು ದಿನ ಏನು ಮಾಡಿದಿರಿ ಎಂದು ವೈದ್ಯೆ ಕೇಳಿದ್ದಕ್ಕೆ, ಟಿವಿಯ ಪ್ಯಾನೆಲ್ ಬದಲಿಸಿದೆವು ಎಂದರು. ವೈದ್ಯೆ ಪೆನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡು ಬರೆಯತೊಡಗಿದರು.

ತಿಂಗಳಿಗೊಂದರಂತೆ ಐದು ಇಂಜೆಕ್ಷನ್ ಆದವು. ಪ್ರತಿ ಸಲವೂ ನಾನು ಬಂದೆ. ಕಲೆ ಇದ್ದಲ್ಲೇ ಇದೆ. ಈಗ ಅಣ್ಣನಿಗೆ ಬಾಗಿಲಿನ ಎರಡೂ ಅಂಚು ಕಾಣುತ್ತವೆ, ನಡುವೆ ನಿಂತವರು ಯಾರೆಂದು ಕಾಣುವುದಿಲ್ಲ. ತಟ್ಟೆಯ ಅಂಚು ಕಾಣುತ್ತದೆ, ತಟ್ಟೆಯಲ್ಲಿ ಏನಿದೆ ಎಂದು ವೈನಿ ಹೇಳಬೇಕು.

ಹೋದ ತಿಂಗಳು ಹೋದಾಗ ಅವರು ಟಿವಿಯ ಮುಂದೆ ಕೂತಿದ್ದರು, ಮುಖ ಕಿಟಕಿಯ ಕಡೆ ತಿರುಗಿತ್ತು. ಹಾಗೆ ಕೂತರೆ ಕಣ್ಣಂಚಿಗೆ ಚಿತ್ರ ಬೀಳುತ್ತದಂತೆ. ಕನ್ನಡದ ಒಂದು ಧಾರಾವಾಹಿ ನಡೆದಿತ್ತು. ಯಾರು ಯಾರೆಂದು ಸ್ವರದಿಂದ ಗುರುತಿಸುತ್ತಿದ್ದರು. ನನ್ನನ್ನೂ ಚಪ್ಪಲಿ ಬಿಡುವ ಸಪ್ಪಳದಿಂದ ಗುರುತಿಸಿದರು.

"ಬಾ ತಮ್ಮಾ. ಊಟ ಆಗ್ಯದ?"

"ಆಗ್ಯದ್ರಿ."

ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ನೋಡುತ್ತಲೇ ಕೇಳಿದರು: "ಒಂದು ಖರೇ ಹೇಳು. ಆ ದಿನ ನಿನಗೂ ಗೆರಿ ಬಾಗಿದ್ದು ಕಂಡಿತ್ತಾ?"

ಈ ಪ್ರಶ್ನೆಗೆ ತಿಂಗಳುಗಟ್ಟಲೆ ಉತ್ತರಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಕಂಡಿತ್ತು ಎಂದರೆ ಅವರಿಗೆ ಸಮಾಧಾನವಾಗಬಹುದು, ಇಬ್ಬರೂ ಮೋಸ ಹೋದೆವು ಎಂದಾಗುತ್ತದೆ. ಕಂಡಿರಲಿಲ್ಲ ಎಂದರೆ ನನಗೆ ಸಮಾಧಾನವಾಗಬಹುದು, ತಪ್ಪನ್ನಾದರೂ ಒಪ್ಪಿಕೊಂಡಂತಾಗುತ್ತದೆ. ಎರಡರಲ್ಲಿ ಯಾವುದು ನಿಜವೆಂದು ನನಗೆ ಗೊತ್ತಿರಲಿಲ್ಲ.

"ನೆನಪಿಲ್ಲರಿ ಅಣ್ಣ," ಎಂದೆ.

ಅವರು ತಲೆಯಾಡಿಸಿದರು. "ನಮ್ಮ ಕಾರ್ಖಾನ್ಯಾಗ ಎರಡನೇ ರುಜು ಹಾಕಾಂವ ನೆನಪಿಲ್ಲ ಅಂದ್ರ, ನೋಡಿಲ್ಲ ಅಂತ ಬರಿತಿದ್ವಿ."

ಅವರು ನನ್ನ ಕಡೆ ಮುಖ ತಿರುಗಿಸಿದರು.

"ಹಾಂಗೇ ಬರಿಲಾ?"

"ಬರೀರಿ."

"ಹೂಂ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಭಾಗವನ್ನು ಅನುತ್ತೀರ್ಣವೆಂದು ಬದಿಗಿಟ್ಟು ಮುಂದಿನದಕ್ಕೆ ಹೋಗುವವರ ದನಿ ಅದು. ಸಿಟ್ಟಿದ್ದಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಅವರು ರಿಮೋಟಿಗಾಗಿ ಸೋಫಾದ ಮೇಲೆ ಕೈಯಾಡಿಸಿದರು. ಅದು ನನ್ನ ತೊಡೆಯ ಪಕ್ಕದಲ್ಲೇ ಇತ್ತು. ಎತ್ತಿ ಅವರ ಕೈಯಲ್ಲಿಟ್ಟೆ. ಬೆರಳಿನಿಂದ ಗುಂಡಿಗಳನ್ನು ಒಂದೊಂದಾಗಿ ಎಣಿಸಿ, ಸರಿಯಾದುದನ್ನು ಒತ್ತಿ, ಧ್ವನಿಯನ್ನು ಜೋರು ಮಾಡಿದರು.